ಕೊಸರಿಲ್ಲದ ಸೇರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಎಂದ ಕೂಡಲೇ ವೇದ, ಉಪನಿಷತ್ತು ಎಂದುಕೊಳ್ಳಬೇಡಿ. ಅಲ್ಲಿ ಹಾಲಯ್ಯ ಗುರುಗಳು ಹೇಳಿಕೊಡುತ್ತಿದ್ದುದು ವ್ಯಾಪಾರದ ನಡತೆ, ಅರ್ಥಶಾಸ್ತ್ರ, ಮತ್ತೆ ಮಣ್ಣು ನೀರು ಬೀಜಗಳ ವಿಜ್ಞಾನ. ಮೂರನ್ನೂ ಒಂದೇ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು.

ಅವರ ಶಿಷ್ಯರಲ್ಲಿ ಪಾಲಾಕ್ಷ ಎಂಬವನು ಎಲ್ಲರಿಗಿಂತ ಮುಂದೆ. ಏನು ಕೇಳಿದರೂ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

“ಬೇಡಿಕೆ ಅಂದರೇನು?” ಎಂದು ಗುರುಗಳು ಕೇಳುತ್ತಿದ್ದರು.

“ಕೊಳ್ಳೋ ಆಸೆ, ಅದರ ಜೊತೆಗೆ ಕೊಳ್ಳೋ ಶಕ್ತಿ. ಎರಡೂ ಸೇರಿದರೆ ಬೇಡಿಕೆ, ಗುರುಗಳೇ.”

“ಉಳಿತಾಯ?”

“ಇವತ್ತು ಬಳಸದೆ ನಾಳೆಗೆ ಇಟ್ಟದ್ದು.”

“ಬೀಜ ಮೊಳೆಯೋದಕ್ಕೆ ಏನೇನು ಬೇಕು?”

“ನೀರು, ಗಾಳಿ, ಹದವಾದ ಬಿಸಿ.”

ತಪ್ಪು ಹುಡುಕಬೇಕೆಂದರೂ ಸಿಗುತ್ತಿರಲಿಲ್ಲ. ಹುಡುಗನಿಗೂ ಅದು ಗೊತ್ತಿತ್ತು, ಸುಮ್ಮನೆ ಯಾಕೆ ಸುಳ್ಳು ಹೇಳಲಿ. ನಡೆಯುವಾಗ ಎದೆ ಒಂದು ಗೇಣು ಮುಂದೆಯೇ ಇರುತ್ತಿತ್ತು.

ಅವನಿಗೆ ಒಂದೇ ಒಂದು ಆಸೆ. ಮೇಷ್ಟರಾಗಬೇಕು. ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕು. ಮಕ್ಕಳು ಸಿಗುವ ತನಕ ಅವನು ಆಶ್ರಮದ ಎಮ್ಮೆಗಳ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದ. ಪಾಪ, ಆ ಎಮ್ಮೆಗಳಿಗೆ ಬೇಡಿಕೆ ಪೂರೈಕೆಯ ಪಾಠ ಬಾಯಿಪಾಠವೇ ಆಗಿಹೋಗಿತ್ತು.

ಹೀಗಿರುವಾಗ ಆಚೆ ದಡದ ಪೇಟೆಯಿಂದ ಸುದ್ದಿ ಬಂತು. ಪೇಟೆಯವರು ಹೊಸದಾಗಿ ಒಂದು ಶಾಲೆ ಕಟ್ಟಿದ್ದಾರೆ. ವ್ಯಾಪಾರಿಗಳ ಮಕ್ಕಳು, ರೈತರ ಮಕ್ಕಳು ಕೂಡಿ ಕಲಿಯುವ ಶಾಲೆ. ಅದಕ್ಕೆ ಒಬ್ಬ ಮೇಷ್ಟರು ಬೇಕು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಪೇಟೆಯ ಹಿರಿಯ ರುದ್ರಶೆಟ್ಟರು ತಾವೇ ಬಂದು ಕರೆದುಕೊಂಡು ಹೋಗುತ್ತಾರಂತೆ.

ಪಾಲಾಕ್ಷ ಓಡಿಬಂದು ಗುರುಗಳ ಕಾಲು ಹಿಡಿದ.

“ಗುರುಗಳೇ, ನನ್ನನ್ನ ಕಳಿಸಿ. ಬೇರೆ ಏನೂ ಕೇಳೋದಿಲ್ಲ.”

“ನಿನಗೆ ಎಲ್ಲಾ ಬರುತ್ತಾ?”

“ಕೇಳಿ ನೋಡಿ.”

ಗುರುಗಳು ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಹಿತ್ತಾಳೆಯ ಸೇರು ತಂದು ಅವನ ಕೈಗಿಟ್ಟರು.

“ಈ ಸಲ ಬೀಜ ಅಳೆಯೋ ಕೆಲಸ ನಿಂದು. ಅಳೆದು ಮುಗಿಸು. ಆಮೇಲೆ ಹೇಳ್ತೀನಿ.”

ಬೀಜದ ವಿಷಯ ಸ್ವಲ್ಪ ಹೇಳಬೇಕು. ಸುತ್ತಲ ಹಳ್ಳಿಗಳ ಬಿತ್ತನೆಯ ಜೋಳ ಆಶ್ರಮದ ಕಣಜದಲ್ಲಿ ಇರುತ್ತಿತ್ತು. ಸುಗ್ಗಿಯಲ್ಲಿ ರೈತರು ತಂದು ಸುರಿಯುತ್ತಿದ್ದರು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬಂದು ಅಳೆಸಿಕೊಂಡು ಹೋಗುತ್ತಿದ್ದರು. ದುಡ್ಡಿನ ಮಾತೇ ಇಲ್ಲ.

ಅಳೆಯುವುದಕ್ಕೂ ಒಂದು ಪದ್ಧತಿ. ಮೊದಲನೆಯ ಸೇರು ಸುರಿಯುವಾಗ ‘ಒಂದು’ ಎನ್ನುವ ಹಾಗಿಲ್ಲ, ‘ಲಾಭ’ ಎನ್ನಬೇಕು. ಆಮೇಲೆ ಎರಡು, ಮೂರು. ಕೊನೆಯಲ್ಲಿ, ಅಳತೆಯೆಲ್ಲಾ ಮುಗಿದ ಮೇಲೆ, ಸೇರಿಗೆ ಒಂದು ಹಿಡಿಯಂತೆ ಬೀಜ ಮೇಲಕ್ಕೆ ಹಾಕಬೇಕು. ಅದಕ್ಕೆ ಕೊಸರು ಅನ್ನುತ್ತಾರೆ. ಸಂತೆಯಲ್ಲಿ ತರಕಾರಿ ಕೊಂಡರೂ ಕೇಳಿ ಇಸಿದುಕೊಳ್ಳುತ್ತೇವಲ್ಲ, ಅದೇ.

ಸೇರು ಕೊಟ್ಟು ಒಳಗೆ ಹೋಗುವ ಮುಂಚೆ ಗುರುಗಳು ಒಂದು ಮಾತು ಕೇಳಿದರು.

“ಮೊದಲನೇ ಸೇರಿಗೆ ಲಾಭ ಅಂತೀವಲ್ಲ ಪಾಲಾಕ್ಷ, ಆ ಲಾಭ ಯಾರದು?”

“ಮಾರುವವನದು ಗುರುಗಳೇ. ಬಂದದ್ದರಲ್ಲಿ ಖರ್ಚು ಕಳೆದು ಉಳಿದದ್ದೇ ಲಾಭ.”

“ಇಲ್ಲಿ ಮಾರೋರು ಯಾರು?”

ಈ ಪ್ರಶ್ನೆ ಪಾಲಾಕ್ಷನ ಬಾಯಿಪಾಠದಲ್ಲಿ ಇರಲಿಲ್ಲ. ಸೇರು ಎತ್ತಿಕೊಂಡು ಕಣಜದ ಕಡೆ ನಡೆದ.

ಮಳೆ ಬಂತು. ಮಣ್ಣಿನ ವಾಸನೆ ಆರುವ ಮೊದಲೇ ರೈತರು ಚೀಲ ಹೆಗಲಿಗೆ ಹಾಕಿಕೊಂಡು ಕಣಜದ ಬಾಗಿಲಿಗೆ ಬಂದು ನಿಂತರು.

ಪಾಲಾಕ್ಷ ಅಳೆಯಲು ಕೂತ. ಒಬ್ಬರಿಗೆ ಅಳೆದ, ಇನ್ನೊಬ್ಬರಿಗೆ ಅಳೆದ. ಹಾಗೆ ಅಳೆಯುತ್ತಾ ಅವನ ತಲೆಯಲ್ಲಿ ಪಾಠ ಓಡತೊಡಗಿತು. ಸೇರಿಗೆ ಒಂದು ಹಿಡಿ. ಎಲ್ಲರದೂ ಸೇರಿದರೆ ಎಷ್ಟಾಯಿತು! ಇಷ್ಟು ಬೀಜ ವರ್ಷ ವರ್ಷವೂ ಲೆಕ್ಕಕ್ಕೆ ಸಿಗದೆ ಹೋಗುತ್ತಿದೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದೇ ಹೆಸರು, ಪೋಲು.

ಅಲ್ಲದೆ ಹಿಡಿ ಎಂಬುದು ಒಂದು ಅಳತೆಯೇ? ಒಬ್ಬನ ಹಿಡಿ ದೊಡ್ಡದು, ಒಬ್ಬನದು ಚಿಕ್ಕದು. ವಿಜ್ಞಾನ ಇದನ್ನು ಒಪ್ಪುತ್ತದೆಯೇ?

ಅವನು ಒಂದು ಕೋಲು ತೆಗೆದುಕೊಂಡ. ಸೇರು ತುಂಬಿದ ಮೇಲೆ ಬಾಯಿಯ ಮೇಲೆ ಕೋಲು ಎಳೆದ. ಬೀಜ ಸಮ ಆಯಿತು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ.

“ಲಾಭ,” ಎಂದು ಸುರಿದ. “ಎರಡು. ಮೂರು. ಆಯ್ತು, ಮುಂದಿನವರು ಬನ್ನಿ.”

ಮುಂದಿದ್ದವಳು ಕೆಂಚಮ್ಮ, ಹೊಳೆಯ ಕೆಳಗಿನ ಹೊಲದ ಹೆಂಗಸು. ಗಟ್ಟಿ ಆಳು, ಗಟ್ಟಿ ಬಾಯಿ. ತನ್ನ ಸೇರುಗಳನ್ನು ಅಳೆಸಿಕೊಂಡು ಚೀಲ ತೆರೆದು ಹಿಡಿದೇ ನಿಂತಿದ್ದಳು.

“ಕೊಸರು ಹಾಕು ತಮ್ಮಾ.”

“ಈ ಸಲ ಕೊಸರು ಇಲ್ಲಮ್ಮಾ. ಎಲ್ಲರಿಗೂ ಸಮ ಅಳತೆ.”

“ಯಾಕೆ, ಬೀಜ ಕಡಿಮೆ ಬಿದ್ದಿದೆಯಾ?”

“ಬೇಕಾದಷ್ಟಿದೆ. ಆದರೆ ಪೋಲು ಮಾಡಬಾರದು ನೋಡಿ.”

ಕೆಂಚಮ್ಮ ಚೀಲದೊಳಗೆ ಬಗ್ಗಿ ನೋಡಿದಳು.

“ಬಾಯಲ್ಲಿ ಲಾಭ ಅಂದೆಯಲ್ಲಪ್ಪಾ, ಚೀಲದಲ್ಲಿ ಎಲ್ಲಿದೆ?”

ಹಿಂದೆ ನಿಂತವರು ಗೊಳ್ಳೆಂದು ನಕ್ಕರು. ಪಾಲಾಕ್ಷನ ಕಿವಿ ಕೆಂಪಾಯಿತು. ಆದರೂ ಕೋಲು ಕೆಳಗಿಡಲಿಲ್ಲ. ಸತ್ಯ ತನ್ನ ಕಡೆ ಇರುವಾಗ ನಗುವವರಿಗೆಲ್ಲಾ ಹೆದರುತ್ತಾರೆಯೇ?

ಕೆಂಚಮ್ಮನೂ ಹೆಚ್ಚು ಮಾತು ಬೆಳೆಸಲಿಲ್ಲ. ಗುರುಗಳ ಅಂಗಳದಲ್ಲಿ ಜಗಳ ಆಡುವುದುಂಟೇ ಎಂದು ಚೀಲದ ಬಾಯಿ ಕಟ್ಟಿ ನಡೆದಳು.

ಸಂಜೆಗೆ ಕಣಜದ ಮೂಲೆಯಲ್ಲಿ ಕೊಸರಿನ ಬೀಜ ಒಂದು ಪುಟ್ಟ ರಾಶಿಯಾಗಿ ಉಳಿದಿತ್ತು. ಪಾಲಾಕ್ಷ ಗುರುಗಳನ್ನು ಕೈಹಿಡಿದು ಕರೆತಂದು ತೋರಿಸಿದ.

“ನೋಡಿ ಗುರುಗಳೇ. ಒಂದೇ ದಿನದಲ್ಲಿ ಇಷ್ಟು ಉಳಿತಾಯ!”

ಗುರುಗಳು ರಾಶಿಯನ್ನು ನೋಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ.

“ಇದರಲ್ಲಿ ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಡು,” ಎಂದರು.

“ಮೊಳಕೆ ಕಟ್ಟಬೇಕಾ? ಹೆಸರುಕಾಳಾದರೆ ಪಲ್ಯ ಮಾಡಬಹುದು. ಜೋಳದ ಮೊಳಕೆ ಪಲ್ಯ ಯಾರು ತಿಂತಾರೆ ಗುರುಗಳೇ?”

“ತಿನ್ನೋದು ಆಮೇಲೆ. ಕಟ್ಟಿಡು.”

ಪಾಲಾಕ್ಷ ಕಟ್ಟಿಟ್ಟ. ಕಟ್ಟಿಟ್ಟು ಮರೆತ.

ಮಾರನೆಯ ದಿನವೂ ಕೋಲಿನ ಅಳತೆಯೇ ನಡೆಯಿತು. ರಾಶಿ ಬೆಳೆಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಬಡಿಸಲು ಗುರುಗಳೇ ಬಂದರು. ಪಾಲಾಕ್ಷನ ಎಲೆಯ ಮುಂದೆ ನಿಂತು ಒಂದು ಸೌಟು ಅನ್ನ ತೆಗೆದರು. ಸೌಟಿನ ಮೇಲೆ ಬೆರಳು ಎಳೆದು ಸಮ ಮಾಡಿದರು. ಎಲೆಗೆ ಹಾಕಿ ಮುಂದಕ್ಕೆ ಹೋದರು.

ಪಾಲಾಕ್ಷ ದಿನದ ಅಭ್ಯಾಸದಂತೆ ಮೊದಲು ಕಾಗೆಗೆ ಒಂದು ತುತ್ತು ತೆಗೆದಿಟ್ಟ. ಆಶ್ರಮದ ಬೆಕ್ಕು ಬಂದು ತೊಡೆಗೆ ತಲೆ ಉಜ್ಜಿತು, ಅದಕ್ಕೊಂದು ತುತ್ತು. ಕಲಸುವಾಗ ಒಂದಿಷ್ಟು ಎಲೆಯಿಂದಾಚೆ ಜಾರಿತು. ಉಳಿದದ್ದನ್ನು ಉಂಡು ತಲೆ ಎತ್ತಿ ನೋಡಿದ. ಗುರುಗಳು ಪಾತ್ರೆಯ ಮುಚ್ಚಳ ಮುಚ್ಚುತ್ತಿದ್ದರು.

“ಗುರುಗಳೇ, ಇನ್ನೊಂದು ಸ್ವಲ್ಪ…”

“ಅಳತೆ ಸರಿಯಾಗಿತ್ತಲ್ಲ?”

“ಸರಿಯಾಗೇ ಇತ್ತು. ಹೊಟ್ಟೆ ತುಂಬಲಿಲ್ಲ.”

“ಅದು ಹ್ಯಾಗೆ?”

“ಕಾಗೆಗೆ ಹೋಯ್ತು, ಬೆಕ್ಕಿಗೆ ಹೋಯ್ತು, ಚೆಲ್ಲಿದ್ದು ಹೋಯ್ತು,” ಎಂದ ಪಾಲಾಕ್ಷ ಸಿಡಿಮಿಡಿಯಿಂದ. “ಅದೆಲ್ಲಾ ನಿಮ್ಮ ಅಳತೆಯಲ್ಲಿ ಇರಲಿಲ್ಲ.”

“ಹೌದೇ?” ಎಂದರು ಗುರುಗಳು. ಅಷ್ಟೇ ಅಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಪಾಲಾಕ್ಷ ಮುಖ ಊದಿಸಿಕೊಂಡು ಕೈ ತೊಳೆದ. ತಾನು ಆಡಿದ ಮಾತು ಎಂಥದೆಂದು ಅವನಿಗೇ ತಿಳಿಯಲಿಲ್ಲ. ಹೊಟ್ಟೆ ಚುರುಗುಟ್ಟುವಾಗ ಯಾರಿಗೆ ತಿಳಿಯುತ್ತದೆ ಹೇಳಿ.

ಮತ್ತೊಂದು ದಿನ ಕಳೆಯಿತು. ಅಳೆಯುವ ಕೆಲಸ ಮುಗಿಯುತ್ತಾ ಬಂದಿತ್ತು. ಕಣಜದ ಗೂಟಕ್ಕೆ ತೂಗುತ್ತಿದ್ದ ಬಟ್ಟೆಯ ಗಂಟು ಆಗ ಕಣ್ಣಿಗೆ ಬಿತ್ತು. ಪಾಲಾಕ್ಷ ಗಂಟು ಬಿಚ್ಚಿದ.

ಬಟ್ಟೆಯಲ್ಲಿ ಬಿಳಿಯ ಮೊಳಕೆಗಳು ಚೆನ್ನಾಗಿ ಬಾಲ ಬಿಟ್ಟಿದ್ದವು. ಆದರೆ ಎಲ್ಲಾ ಬೀಜಗಳೂ ಅಲ್ಲ. ಅಲ್ಲೊಂದು ಇಲ್ಲೊಂದು ಕಾಳು ಹಾಗೇ ಕೂತಿತ್ತು. ಒತ್ತಿ ನೋಡಿದ, ಮೆತ್ತಗಿತ್ತು. ಮೂಸಿ ನೋಡಿದ, ಹುಳಿ ವಾಸನೆ. ಕೆಲವುಗಳಲ್ಲಿ ಹುಳ ಕೊರೆದ ಸೂಜಿಯಂಥ ತೂತು.

ನೀರು ಒಂದೇ. ಗಾಳಿ ಒಂದೇ. ಬಿಸಿ ಒಂದೇ. ಕಣಜದಲ್ಲಿದ್ದಾಗ ನೋಡಲಿಕ್ಕೂ ಎಲ್ಲಾ ಒಂದೇ ಥರ ಇದ್ದವು. ಹಾಗಿದ್ದೂ ಇವು ಹುಟ್ಟಲಿಲ್ಲ.

ಪಾಲಾಕ್ಷ ಮೊಳೆಯದ ಕಾಳುಗಳನ್ನು ಆರಿಸಿ ಅಂಗೈಯಲ್ಲಿ ಕೂಡಿಸಿದ. ಗಾಳಿಗೆ, ಹಕ್ಕಿಗೆ, ಇರುವೆಗೆ ಹೋಗುವುದು ಬೇರೆ. ಅದನ್ನೂ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಸೇರಿಗೆ ಎಷ್ಟಾದೀತು?

ಹೆಚ್ಚು ಕಡಿಮೆ ಒಂದು ಹಿಡಿ.

ಊಟದ ಹೊತ್ತು ತಾನೇ ಆಡಿದ ಮಾತು ನೆನಪಾಯಿತು. ಕಾಗೆಗೆ ಹೋಯ್ತು, ಬೆಕ್ಕಿಗೆ ಹೋಯ್ತು, ಚೆಲ್ಲಿದ್ದು ಹೋಯ್ತು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಪೋಲು ಎಂದು ಕೊಡದೆ ಉಳಿಸಿದ್ದು ಪೋಲಾಗಿರಲಿಲ್ಲ. ಅದು ಹಕ್ಕಿಯ ಪಾಲು, ಹುಳದ ಪಾಲು, ಹುಟ್ಟದೆ ಹೋಗುವ ಕಾಳಿನ ಪಾಲು. ಅದು ಹೋದ ಮೇಲೆಯೇ ರೈತನ ಸೇರು ಪೂರ್ತಿ ಸೇರಾಗುವುದು.

ಬಾಗಿಲಲ್ಲಿ ಗುರುಗಳು ನಿಂತಿದ್ದರು.

“ಗುರುಗಳೇ, ಇದು ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಅದನ್ನೂ ಬಾಯಿಪಾಠ ಮಾಡಿಬಿಡ್ತಿದ್ದೆ.”

“ಬಿತ್ತನೆ ಆಗಿಹೋಯ್ತಲ್ಲ!”

“ಎಲ್ಲರದೂ ಆಗಿರೋದಿಲ್ಲ. ಮಣ್ಣಿನ ಹದ ಇನ್ನೂ ಆರಿಲ್ಲ. ಇಲ್ಲೇ ನಿಂತು ನನ್ನ ಹತ್ತಿರ ವಾದ ಮಾಡ್ತೀಯೋ, ಏನು?”

ಪಾಲಾಕ್ಷ ವಾದ ಮಾಡಲಿಲ್ಲ. ಉಳಿಸಿದ ರಾಶಿಯನ್ನು ಚೀಲಕ್ಕೆ ತುಂಬಿದ. ಚೀಲವನ್ನು ತಲೆಯ ಮೇಲೆ ಹೊತ್ತು, ಸೇರನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದ.

ದಾರಿಯ ಪಕ್ಕದಲ್ಲೇ ತಿಪ್ಪೇಶಪ್ಪನ ಹೊಲ. ಮೊದಲ ದಿನವೇ ಬೀಜ ತಂದು, ಅವತ್ತೇ ಬಿತ್ತಿ ಮುಗಿಸಿದ್ದ ಚುರುಕಿನ ಮನುಷ್ಯ. ಎತ್ತರದ ನೆಲ, ಮೇಲಿನ ಮಣ್ಣು ಆಗಲೇ ಆರಿತ್ತು.

“ತಿಪ್ಪೇಶಪ್ಪನವರೇ, ಕೊಸರಿನ ಬೀಜ ತಂದಿದ್ದೀನಿ.”

“ಹದ ಆರಿದ ಮೇಲೆ ತಂದು ಏನು ಮಾಡ್ತೀಯಾ? ಅಲ್ಲಿ ನೋಡು.”

ಪಾಲಾಕ್ಷ ನೋಡಿದ. ಬೀಜ ಸಾಲದೆಂದು ತಿಪ್ಪೇಶಪ್ಪ ತೆಳ್ಳಗೆ ಬಿತ್ತಿದ್ದ. ಅಲ್ಲಲ್ಲಿ ಹಸಿರು ಮೂಡುತ್ತಿತ್ತು. ನಡುನಡುವೆ ಎಷ್ಟೋ ಜಾಗದಲ್ಲಿ ಏನೂ ಇಲ್ಲ. ಹಲ್ಲು ಬಿದ್ದ ಬಾಯಿಯ ಹಾಗಿತ್ತು ಹೊಲ.

“ತಪ್ಪಾಯ್ತು,” ಎಂದ ಪಾಲಾಕ್ಷ. ಅವನಿಗೆ ಗೊತ್ತಿದ್ದ ವ್ಯಾಖ್ಯೆಗಳಲ್ಲಿ ಒಂದೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

“ತಪ್ಪಾಯ್ತು ಅಂದರೆ ಹುಟ್ಟುತ್ತೇನಪ್ಪಾ? ಇನ್ನೊಂದು ಮಳೆ ಬರೋ ಹೊತ್ತಿಗೆ ಜೋಳದ ಕಾಲ ಮೀರಿರುತ್ತೆ, ಖಾಲಿ ಜಾಗಕ್ಕೆ ಅಲಸಂದೆ ಹಾಕ್ತೀನಿ. ರೊಟ್ಟಿ ತಿನ್ನೋ ಬಾಯಿ, ಈ ವರ್ಷ ಅಲಸಂದೆ ತಿನ್ನಲಿ.” ತಿಪ್ಪೇಶಪ್ಪ ಮುಖ ತಿರುಗಿಸಿದ. ಮತ್ತೆ ಏನೋ ನೆನಪಾಗಿ ಕೂಗಿ ಹೇಳಿದ. “ಕೆಂಚಮ್ಮ ಇವತ್ತು ಕೂರಿಗೆ ಹೂಡಿದ್ದಾಳೆ. ಅಲ್ಲಿಗೆ ಹೋಗು, ಬೇಗ ಹೋಗು!”

ಕೆಂಚಮ್ಮನಿಗೆ ಸ್ವಂತ ಎತ್ತು ಇರಲಿಲ್ಲ. ನೆಂಟರ ಎತ್ತು ಸಿಗುವ ತನಕ ಕಾದು, ಆ ದಿನ ಬಿತ್ತನೆ ಹಿಡಿದಿದ್ದಳು. ಪಾಲಾಕ್ಷ ಹೋಗಿ ನೋಡುವಾಗ ಎತ್ತುಗಳು ಹೊಲದ ನಡುವೆ ಸುಮ್ಮನೆ ನಿಂತಿದ್ದವು. ಬೀಜ ಬಿತ್ತುವ ಕೂರಿಗೆಯ ಬಟ್ಟಲು ಖಾಲಿ. ಹೊಳೆಯ ಕಡೆಯ ಸಾಲುಗಳು ಬಿತ್ತನೆಯಿಲ್ಲದೆ ಉಳಿದಿದ್ದವು. ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ಆ ಸಾಲುಗಳನ್ನೇ ನೋಡುತ್ತಿದ್ದಳು.

“ನಾನು ತಿಪ್ಪೇಶಪ್ಪನ ಹಾಗೆ ತೆಳ್ಳಗೆ ಬಿತ್ತೋಳಲ್ಲ ತಮ್ಮಾ,” ಎಂದಳು ಅವನನ್ನು ನೋಡಿದ ಕೂಡಲೇ. “ಬಿತ್ತಿದಷ್ಟು ದಟ್ಟವಾಗೇ ಬಿತ್ತಿದೆ. ಬೀಜ ಮುಗೀತು, ಹೊಲ ಮುಗೀಲಿಲ್ಲ. ಹೊತ್ತು ಮುಳುಗೋದ್ರೊಳಗೆ ಎತ್ತು ವಾಪಸ್ ಹೊಡೀಬೇಕು. ಈ ಸಾಲಿಗೆ ನಿನ್ನ ಕೋಲು ಬಿತ್ತಲಾ?”

ಪಾಲಾಕ್ಷ ಚೀಲ ಇಳಿಸಿದ. ಸೇರು ತುಂಬಿದ. ಬೀಜ ಸೇರಿನ ಬಾಯಿ ಮೀರಿ ಗೋಪುರದ ಹಾಗೆ ನಿಂತಿತು. ಅವನು ಅದನ್ನು ಮುಟ್ಟಲಿಲ್ಲ.

“ಲಾಭ,” ಎಂದು ಹೇಳಿ ಕೂರಿಗೆಯ ಬಟ್ಟಲ ಪಕ್ಕದ ಚೀಲಕ್ಕೆ ಸುರಿದ.

“ಈಗ ಸರಿ,” ಎಂದಳು ಕೆಂಚಮ್ಮ. “ಸುಗ್ಗಿಯಲ್ಲಿ ಕಣಜಕ್ಕೆ ತಂದು ಸುರಿಯೋವಾಗ ನಾವೂ ಸೇರಿಗೊಂದು ಹಿಡಿ ಮೇಲೆ ಹಾಕ್ತೀವಿ. ನೀನು ಉಳಿಸಿದೆ ಅಂತ ಬೀಗಿದೆಯಲ್ಲ, ಆ ರಾಶಿ ನಮ್ಮದೇ ಕೊಸರು ಮಾರಾಯಾ.”

ಪಾಲಾಕ್ಷ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ಬಂತು, ಅಂಗೈಯಿಂದ ಒರೆಸಿಕೊಂಡ.

“ಅಳ್ತಾ ಕೂತರೆ ಆಗೋದಿಲ್ಲ. ಬಟ್ಟಲಿಗೆ ಬೀಜ ಬಿಡೋಕೆ ಒಂದು ಕೈ ಬೇಕು. ಬಾ.”

ಅವಳು ಎತ್ತು ಹೊಡೆದಳು. ಪಾಲಾಕ್ಷ ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಟ್ಟ. ಮೊದಮೊದಲು ಬೀಜ ಗುಪ್ಪೆ ಗುಪ್ಪೆಯಾಗಿ ಬಿತ್ತು, ಬೈಸಿಕೊಂಡ. ಆಮೇಲೆ ಕೈ ಕೂತಿತು. ಹೊತ್ತು ಮುಳುಗುವ ಮೊದಲೇ ಕೊನೆಯ ಸಾಲು ಮುಗಿಯಿತು. ಎತ್ತುಗಳು ಹೊತ್ತಿಗೆ ಸರಿಯಾಗಿ ನೆಂಟರ ಮನೆಗೆ ಹೋದವು.

ಹದ ಆರುವ ತನಕ ಪಾಲಾಕ್ಷ ಹೊಲದಿಂದ ಹೊಲಕ್ಕೆ ಓಡಾಡಿದ. ಕೆಲವರು ಬೈದರು. ಕೆಲವರು ಮಜ್ಜಿಗೆ ಕೊಟ್ಟರು. ಕೆಲವರು ಬೈದು ಮಜ್ಜಿಗೆ ಕೊಟ್ಟರು. ಚೀಲ ಬರಿದಾಯಿತು. ಎಲ್ಲರ ಹೊಲವೂ ಸರಿಹೋಯಿತು, ತಿಪ್ಪೇಶಪ್ಪನದೊಂದು ಬಿಟ್ಟು.

ಮಣ್ಣೆತ್ತಿನ ಅಮಾವಾಸ್ಯೆ ಕಳೆಯಿತು. ರುದ್ರಶೆಟ್ಟರು ಹರಿಗೋಲಿನಲ್ಲಿ ಹೊಳೆ ದಾಟಿ ಬಂದರು. ಜರತಾರಿ ರುಮಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಗುರುಗಳಿಗೆ ಕೈಮುಗಿದು ಜಗಲಿಯ ಮೇಲೆ ಕೂತರು.

“ಗುರುಗಳೇ, ದಾರಿಯಲ್ಲಿ ಎಲ್ಲರ ಹೊಲವೂ ಹಸಿರಾಗಿದೆ. ಒಂದು ಹೊಲ ಮಾತ್ರ ಹರಕು ಹರಕಾಗಿದೆಯಲ್ಲ. ಯಾರದದು? ಬೇಸಾಯ ಗೊತ್ತಿಲ್ಲದವರದಾ?”

ಕಂಬದ ಪಕ್ಕದಲ್ಲಿ ಪಾಲಾಕ್ಷ ನಿಂತಿದ್ದ. ಅವನು ಸುಮ್ಮನಿರಬಹುದಿತ್ತು. ಯಾರೂ ಅವನನ್ನು ಕೇಳಿರಲಿಲ್ಲ. ಇಷ್ಟು ದಿನ ಕಾದ ಶಾಲೆ ಜಗಲಿಯ ಮೇಲೆ ಬಂದು ಕೂತಿತ್ತು.

“ಬೇಸಾಯದವರ ತಪ್ಪಲ್ಲ ಶೆಟ್ಟರೇ,” ಎಂದ ಪಾಲಾಕ್ಷ. “ಅದು ನಾನು ಅಳೆದ ಬೀಜ. ಕೊಸರು ಹಾಕಬೇಕಿತ್ತು, ಪೋಲು ಅಂತ ಹಾಕಲಿಲ್ಲ.”

ಶೆಟ್ಟರು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ವ್ಯಾಪಾರಿಗಳು ಸರಕು ನೋಡುವ ನೋಟ.

“ಇವರು ಯಾರು ಗುರುಗಳೇ?”

“ನಿಮ್ಮ ಶಾಲೆಗೆ ನಾನು ಕೊಡೋ ಮೇಷ್ಟರು.”

“ಗುರುಗಳೇ!” ಪಾಲಾಕ್ಷ ಮುಂದೆ ಬಂದ. ಕೆನ್ನೆ ಒದ್ದೆಯಾಗಿತ್ತು. “ಬೇಡ. ಬೇರೆ ಯಾರನ್ನಾದರೂ ಕಳಿಸಿ. ಆ ಹೊಲ ನೋಡಿದ ಮೇಲೂ ನನ್ನನ್ನ ಕಳಿಸ್ತೀರಾ?”

“ಅವರು ಹೇಳೋದೂ ಸರಿ,” ಎಂದರು ಶೆಟ್ಟರು ನಿಧಾನವಾಗಿ. “ನಮಗೆ ಪಾಠ ಚೆನ್ನಾಗಿ ಬರೋರು ಬೇಕಾಗಿತ್ತು.”

“ಇವನಿಗೆ ಬರೋವಷ್ಟು ನನ್ನ ಶಿಷ್ಯರಲ್ಲಿ ಯಾರಿಗೂ ಬರೋದಿಲ್ಲ. ಕೇಳಿ ನೋಡಿ.”

ಶೆಟ್ಟರು ಗಂಟಲು ಸರಿಮಾಡಿಕೊಂಡರು. “ಲಾಭ ಅಂದರೇನಪ್ಪಾ?”

ಪಾಲಾಕ್ಷನ ಹಳೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ.

“ಬಂದದ್ದರಲ್ಲಿ ಖರ್ಚು ಕಳೆದು ಉಳಿದದ್ದು ಅಂತ ಪುಸ್ತಕದಲ್ಲಿದೆ ಶೆಟ್ಟರೇ. ಅದು ತಪ್ಪಲ್ಲ. ಆದರೆ ಅಳೆಯೋವಾಗ ಆ ಮಾತನ್ನ ತಗೊಳ್ಳೋನ ಚೀಲ ನೋಡ್ಕೊಂಡು ಹೇಳ್ತೀವಿ. ಅವನಿಗೂ ಆಗಲಿ ಅಂತ.”

ಶೆಟ್ಟರು ತೊಡೆಯ ಮೇಲಿದ್ದ ಹಣ್ಣಿನ ಬುಟ್ಟಿ ಕೆಳಗಿಟ್ಟು ರುಮಾಲು ಸರಿಮಾಡಿಕೊಂಡರು. ಆಮೇಲೆ ಎದ್ದು ನಿಂತರು.

“ಹರಿಗೋಲು ಕಾಯ್ತಾ ಇದೆ. ಬನ್ನಿ ಮೇಷ್ಟ್ರೇ.”

ಮೇಷ್ಟ್ರೇ! ಎಮ್ಮೆಗಳ ಮುಂದೆ ನಿಂತು ಎಷ್ಟೋ ಸಲ ತನ್ನನ್ನು ತಾನೇ ಹಾಗೆ ಕರೆದುಕೊಂಡಿದ್ದ ಪಾಲಾಕ್ಷ ಹರಿಗೋಲಿನ ಕಡೆ ಹೋಗಲಿಲ್ಲ. ಗುರುಗಳ ಪಾದದ ಹತ್ತಿರ ಬಂದು ಕೂತ.

“ಗುರುಗಳೇ, ನನಗೆ ಬರೋದನ್ನೆಲ್ಲಾ ಮಕ್ಕಳಿಗೆ ಹೇಳಿಕೊಡ್ತೀನಿ. ಆದರೆ ಈ ತಪ್ಪನ್ನ ಏನು ಮಾಡಲಿ? ಇದನ್ನ ಎಲ್ಲಿ ಇಡಲಿ?”

ಗುರುಗಳು ಆ ಹಿತ್ತಾಳೆಯ ಸೇರು ತಂದು ಅವನ ಚೀಲದೊಳಗೆ ಇಟ್ಟರು. ಕೋಲು ಇಡಲಿಲ್ಲ.

“ಪಾಠವನ್ನ ಸೇರಿನ ಅಳತೆಯಲ್ಲಿ ಹೇಳು. ಅದರ ಮೇಲೆ ತಿಪ್ಪೇಶಪ್ಪನ ಹೊಲದ ಕತೆಯನ್ನ ಕೊಸರಾಗಿ ಹಾಕು.”